ಮೆಣಸಿಗೆ ಬಂದವರೂ ಚರ್ಚಿನಲ್ಲಿ ಜಗಳವಾಡಿದವರೂ ಒಬ್ಬರೇನಾ?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಗೋಣಿಕೊಪ್ಪ

ಎಲ್ಲರಿಗೂ ನಮಸ್ಕಾರ. ನಾನು ಗೋಣಿಕೊಪ್ಪದ ಸಮೀಪದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕಳೆದ ವಾರ ಆಧುನಿಕ ಯುರೋಪಿನ ಪಾಠವನ್ನು ಪರೀಕ್ಷೆಗಾಗಿ ಮತ್ತೊಮ್ಮೆ ಓದಿಸುತ್ತಿದ್ದೆ. 1453ರಲ್ಲಿ ಅಟೋಮನ್ ತುರ್ಕರು ಕಾನ್‌ಸ್ಟಾಂಟಿನೋಪಲನ್ನು ಗೆದ್ದದ್ದು, ಅದರಿಂದ ಸಾಂಬಾರ ಪದಾರ್ಥಗಳ ದಾರಿ ಮುಚ್ಚಿದ್ದು, 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು, ಇಷ್ಟನ್ನು ಹೇಳಿ ಮುಗಿಸಿ 1517ರ ಮಾರ್ಟಿನ್ ಲೂಥರನ ಮತಸುಧಾರಣೆಗೆ ಬಂದಾಗ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಟೀಚರ್, ನಮ್ಮ ಮೆಣಸಿಗೆ ಬಂದವರೂ ಅಲ್ಲಿ ಚರ್ಚಿನಲ್ಲಿ ಜಗಳ ಮಾಡಿದವರೂ ಒಬ್ಬರೇನಾ, ಬೇರೆ ಬೇರೆಯವರಾ?" ಎಂದು ಕೇಳಿದ. ಅವನ ಮನೆಯ ಕಣದಲ್ಲಿ ಈಗ ಮೆಣಸು ಒಣಗುತ್ತಿದೆ. ಬೆಳಿಗ್ಗೆ ಅದನ್ನು ಹರವಿಯೇ ಶಾಲೆಗೆ ಬರುತ್ತಾನೆ.

ಪಠ್ಯದಲ್ಲಿ ಭೌಗೋಳಿಕ ಅನ್ವೇಷಣೆ ಒಂದು ಶೀರ್ಷಿಕೆ, ಮತಸುಧಾರಣೆ ಇನ್ನೊಂದು ಶೀರ್ಷಿಕೆ. ಎರಡರ ನಡುವೆ ಇಪ್ಪತ್ತು ವರ್ಷಗಳ ಅಂತರವೂ ಇಲ್ಲದಿರುವಾಗ ಅವುಗಳಿಗೆ ಪರಸ್ಪರ ಸಂಬಂಧವಿರಲೇಬೇಕು ಎಂದು ನನಗೂ ಅನ್ನಿಸುತ್ತದೆ. ಆದರೆ "ಎರಡೂ ಪುನರುಜ್ಜೀವನದ ಫಲ" ಎಂಬ ಸಿದ್ಧ ವಾಕ್ಯವನ್ನು ಒಪ್ಪಿಸಿ ಆ ಹುಡುಗನನ್ನು ಕೂರಿಸಲು ನನಗೆ ಮನಸ್ಸು ಬರಲಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ನಿವೃತ್ತ ಇತಿಹಾಸ ಉಪನ್ಯಾಸಕ, ಮಡಿಕೇರಿ

ಮೇಡಂ, ಹಡಗು ಹತ್ತಿದವರು ಬೇರೆ, ಜಗಳವಾಡಿದವರು ಬೇರೆ. ಆದರೆ ಎರಡೂ ಕಡೆ ಓಡಾಡಿದ ಹಣದಲ್ಲಿ ಒಂದೇ ಮನೆಯ ಪಾಲಿತ್ತು. ಅದು ದಕ್ಷಿಣ ಜರ್ಮನಿಯ ಔಗ್ಸ್‌ಬರ್ಗ್ ಪಟ್ಟಣದ ಫುಗ್ಗರ್ ಮನೆತನ. ನೇಕಾರಿಕೆಯಿಂದ ಮೇಲೆ ಬಂದು, ಯಾಕೋಬ್ ಫುಗ್ಗರನ ಕಾಲಕ್ಕೆ ತಾಮ್ರ ಮತ್ತು ಬೆಳ್ಳಿಯ ಗಣಿಗಳನ್ನೂ ರಾಜರಿಗೆ ಸಾಲ ಕೊಡುವ ಲೇವಾದೇವಿಯನ್ನೂ ಹಿಡಿದಿದ್ದ ಮನೆತನವದು.

ಮೊದಲು ಮೆಣಸಿನ ಲೆಕ್ಕವನ್ನು ನೋಡೋಣ. 1505ರಲ್ಲಿ ಪೋರ್ಚುಗಲ್ಲಿನ ಮೊದಲ ವೈಸರಾಯ್ ಫ್ರಾನ್ಸಿಸ್ಕೊ ದ ಅಲ್ಮೇಡಾ ಲಿಸ್ಬನ್ನಿನಿಂದ ಹೊರಟಾಗ ಅವನ ನೌಕಾಪಡೆಯಲ್ಲಿ ಜರ್ಮನ್ ಮತ್ತು ಇಟಾಲಿಯನ್ ವರ್ತಕರ ಬಂಡವಾಳದ ಮೂರು ಹಡಗುಗಳಿದ್ದವು. ಅದರಲ್ಲಿ ವೆಲ್ಸರ್ ಮನೆತನದ ಪಾಲು ದೊಡ್ಡದು, ಫುಗ್ಗರರ ಪಾಲೂ ಇತ್ತು. ಅದೇ ವರ್ಷ ಅಲ್ಮೇಡಾ ಕಣ್ಣೂರಿನಲ್ಲಿ ಸೇಂಟ್ ಏಂಜೆಲೊ ಕೋಟೆಯನ್ನು ಕಟ್ಟಿಸತೊಡಗಿದ. ವಿರಾಜಪೇಟೆಯಿಂದ ಮಾಕುಟ್ಟದ ಘಾಟಿ ಇಳಿದು, ಇರಿಟ್ಟಿ ದಾಟಿ ನಾವು ಮುಟ್ಟುವ ಕಣ್ಣೂರು ಅದೇ; ಕೋಟೆಯೂ ಕಡಲಂಚಿನಲ್ಲಿ ಇಂದಿಗೂ ನಿಂತಿದೆ. ಪೋರ್ಚುಗೀಸರು ಮೆಣಸಿಗೆ ಬದಲಾಗಿ ಮಲಬಾರಿಗೆ ತಂದ ಸರಕುಗಳಲ್ಲಿ ಮುಖ್ಯವಾದುದು ತಾಮ್ರ. ಫುಗ್ಗರರು ಹಂಗೇರಿ ರಾಜ್ಯದ ಗಣಿಗಳಿಂದ ತೆಗೆಸಿದ ತಾಮ್ರ ಆಂಟ್‌ವರ್ಪ್ ಪೇಟೆಗೆ ಬರುತ್ತಿತ್ತು, ಅಲ್ಲಿ ಪೋರ್ಚುಗಲ್ ದೊರೆಯ ಪ್ರತಿನಿಧಿಗಳು ಅದನ್ನು ಕೊಂಡು ಹಡಗಿಗೆ ತುಂಬಿಸುತ್ತಿದ್ದರು. ಹೀಗೆ ತಾಮ್ರ ಇತ್ತ ಬಂತು, ಮೆಣಸು ಅತ್ತ ಹೋಯಿತು.

ಇನ್ನು ಚರ್ಚಿನ ಲೆಕ್ಕ. ಆಗಲೇ ಮಾಗ್ಡೆಬರ್ಗಿನ ಆರ್ಚ್‌ಬಿಷಪ್ ಆಗಿದ್ದ ಅಲ್ಬ್ರೆಖ್ಟ್ ಎಂಬ ತರುಣ 1514ರಲ್ಲಿ ಮೈನ್ಸ್ ಪೀಠವನ್ನೂ ಪಡೆದ. ಅದಕ್ಕಾಗಿ ರೋಮಿಗೆ ಕಟ್ಟಬೇಕಾದ ಭಾರಿ ಮೊತ್ತವನ್ನು ಅವನು ಫುಗ್ಗರರಿಂದ ಸಾಲವಾಗಿ ತಂದ. ಸಾಲ ತೀರಿಸಲು ಪೋಪ್ ಹತ್ತನೆಯ ಲಿಯೋ ಅವನಿಗೆ ಪಾಪ ವಿಮೋಚನಾ ಪತ್ರಗಳನ್ನು ಮಾರಿಸಲು ಅನುಮತಿ ಕೊಟ್ಟ. ಬಂದ ಹಣದಲ್ಲಿ ಅರ್ಧ ರೋಮಿನ ಸಂತ ಪೇತ್ರರ ಮಹಾದೇವಾಲಯದ ಕಟ್ಟಡಕ್ಕೆ, ಅರ್ಧ ಫುಗ್ಗರರ ಸಾಲಕ್ಕೆ. ನಮ್ಮ ಪಠ್ಯಗಳಲ್ಲಿ "ಪಾಪ ವಿಮೋಚನೆ" ಎಂದಿದ್ದರೂ, ಚರ್ಚಿನ ಸಿದ್ಧಾಂತದಂತೆ ಆ ಪತ್ರ ಕಡಿಮೆ ಮಾಡುತ್ತಿದ್ದುದು ಪಾಪವನ್ನಲ್ಲ, ಪಾಪಕ್ಕಾಗಿ ಅನುಭವಿಸಬೇಕಾದ ಶಿಕ್ಷೆಯನ್ನು ಎಂಬುದನ್ನು ಮಕ್ಕಳಿಗೆ ತಿಳಿಸುವುದು ಒಳ್ಳೆಯದು. ಆ ಪತ್ರಗಳನ್ನು ಮಾರಲು ಬೋಧಕ ಟೆಟ್ಸೆಲ್ ಊರೂರಿಗೆ ಹೋದಾಗ ಫುಗ್ಗರರ ಗುಮಾಸ್ತನೂ ಜೊತೆಗಿರುತ್ತಿದ್ದ. ಹಣದ ಪೆಟ್ಟಿಗೆಯ ಬೀಗದ ಕೈ ಅವನ ಬಳಿ ಇರುತ್ತಿತ್ತು. 1517ರ ಅಕ್ಟೋಬರ್ 31ರಂದು ಲೂಥರ್ ತನ್ನ 95 ಆಕ್ಷೇಪಗಳನ್ನು ಪತ್ರದ ಸಮೇತ ಕಳುಹಿಸಿದ್ದು ಇದೇ ಅಲ್ಬ್ರೆಖ್ಟನಿಗೆ.

ಲೂಥರನಿಗೆ ಈ ಎರಡು ಲೆಕ್ಕಗಳ ನಂಟು ಚೆನ್ನಾಗಿಯೇ ಕಂಡಿತ್ತು. ಫುಗ್ಗರರಂಥವರ ಬಾಯಿಗೆ ಕಡಿವಾಣ ಹಾಕಬೇಕೆಂದೂ, ಸಾಂಬಾರ ವ್ಯಾಪಾರವನ್ನು ತಗ್ಗಿಸಬೇಕೆಂದೂ ಅವನು 1520ರಲ್ಲಿಯೇ ಬರೆದ. 1524ರಲ್ಲಿ ವ್ಯಾಪಾರ ಮತ್ತು ಬಡ್ಡಿಯನ್ನು ಕುರಿತ ಹೊತ್ತಗೆಯಲ್ಲಿ ಕಲ್ಲಿಕೋಟೆಯ ಹೆಸರನ್ನೇ ಎತ್ತಿ, ಅಲ್ಲಿಂದ ಬರುವ ರೇಷ್ಮೆ, ಚಿನ್ನದ ಕೆಲಸ, ಸಾಂಬಾರ ಪದಾರ್ಥಗಳು ಆಡಂಬರಕ್ಕಲ್ಲದೆ ಬೇರೆ ಉಪಯೋಗಕ್ಕೆ ಬರುವುದಿಲ್ಲ, ಅವು ದೇಶದ ಹಣವನ್ನು ಹೀರುತ್ತವೆ ಎಂದು ದೂರಿದ. ವಿಟೆನ್‌ಬರ್ಗಿನ ಸನ್ಯಾಸಿಯ ಬರವಣಿಗೆಯಲ್ಲಿ ನಮ್ಮ ಘಟ್ಟದ ಕೆಳಗಿನ ಬಂದರು ಕಾಣಿಸಿಕೊಳ್ಳುವುದನ್ನು ಮೊದಲ ಸಲ ಓದಿದ ದಿನ ನನಗಾದ ರೋಮಾಂಚನ ಇಂದಿಗೂ ನೆನಪಿದೆ. ನಿಮ್ಮ ಹುಡುಗನಿಗೆ ಇದನ್ನು ಖಂಡಿತ ಹೇಳಿ.

1453ರ ಬಗ್ಗೆಯೂ ಒಂದು ಮಾತು. ಆ ವರ್ಷದೊಂದಿಗೆ ಮೆಣಸಿನ ದಾರಿ ಮುಚ್ಚಿಹೋಯಿತೆಂಬುದು ಸರಿಯಲ್ಲ. ಮೆಣಸು ಕೆಂಪು ಸಮುದ್ರದ ಮೂಲಕ ಅಲೆಕ್ಸಾಂಡ್ರಿಯಕ್ಕೂ ಅಲ್ಲಿಂದ ವೆನಿಸ್ಸಿಗೂ ಹೋಗುತ್ತಲೇ ಇತ್ತು. ಆ ಈಜಿಪ್ಟು ಮಮ್ಲೂಕ್ ಸುಲ್ತಾನರ ಕೈತಪ್ಪಿ ಅಟೋಮನ್ನರಿಗೆ ಸೇರಿದ್ದೇ 1517ರಲ್ಲಿ. ಪೋರ್ಚುಗೀಸರಾದರೋ ಆಫ್ರಿಕದ ಸ್ಯೂಟಾವನ್ನು ಹಿಡಿದದ್ದು 1415ರಲ್ಲಿ, ಅಂದರೆ ಕಾನ್‌ಸ್ಟಾಂಟಿನೋಪಲ್ ಬೀಳುವುದಕ್ಕೆ 38 ವರ್ಷ ಮೊದಲು. ಮುಚ್ಚಿದ ಬಾಗಿಲಿಗೆ ಬದಲಿ ಹುಡುಕಿ ಅವರು ಹೊರಟವರಲ್ಲ. ತೆರೆದೇ ಇದ್ದ ದಾರಿಯಲ್ಲಿ ವೆನಿಸ್ಸಿನವರೂ ಮಮ್ಲೂಕರೂ ಪಡೆಯುತ್ತಿದ್ದ ಲಾಭವನ್ನು ತಾವೇ ಪಡೆಯಲು ಹೊರಟವರು.

ಉತ್ತರ: ಬೆಳೆಗಾರ, ಅಮ್ಮತ್ತಿ

ಉಪನ್ಯಾಸಕರು ದುಡ್ಡಿನ ದಾರಿ ಹೇಳಿದ್ದಾರೆ. ನಾನು ಕಾಳಿನ ಬಗ್ಗೆ ಹೇಳುತ್ತೇನೆ. ಕಣದಲ್ಲಿ ಒಣಗಿದ ಮೆಣಸನ್ನು ಹಲ್ಲಿನ ನಡುವೆ ಇಟ್ಟು ಕಚ್ಚಿದರೆ ಕಟಕ್ಕನೆ ಒಡೆಯಬೇಕು. ಮೆತ್ತಗೆ ಅಮುಕಿಕೊಂಡರೆ ಇನ್ನೂ ಎರಡು ಬಿಸಿಲು ಬೇಕು. ಹಸಿ ಇರುವಾಗಲೇ ಚೀಲಕ್ಕೆ ತುಂಬಿದರೆ ತೂಕವೇನೋ ಬರುತ್ತದೆ, ಆದರೆ ಬೂಸಲು ಹಿಡಿಯುತ್ತದೆ. ಪೋರ್ಚುಗೀಸರಿಗೆ ಲಿಸ್ಬನ್ನಿನಲ್ಲಿ ಎದುರಾದ ದೊಡ್ಡ ತಲೆನೋವು ಇದೇ: ಕೊಚ್ಚಿಯಲ್ಲಿ ತೂಗಿ ತುಂಬಿದ ಮೆಣಸು ಅಲ್ಲಿ ಇಳಿಸುವಾಗ ತೂಕ ಕಳೆದುಕೊಂಡಿರುತ್ತಿತ್ತು, ಮರಳೂ ಬೆರೆತಿರುತ್ತಿತ್ತು.

ಇದಕ್ಕೆ ಕಾರಣ ಬೆಲೆ. ವಾಸ್ಕೋ ಡ ಗಾಮನ ಎರಡನೆಯ ಪ್ರಯಾಣದ ಕಾಲದಲ್ಲಿ ಕೊಚ್ಚಿಯಲ್ಲಿ ಗೊತ್ತುಮಾಡಿದ ಮೆಣಸಿನ ದರ ಹಲವು ದಶಕಗಳವರೆಗೆ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಪೇಟೆಯಲ್ಲಿ ಬೆಲೆ ಏರಿದರೂ ಅವರು ಹಳೆಯ ದರಕ್ಕೇ ಕೇಳಿದರು. ಕರ್ತಾಜ್ ಎಂಬ ರಹದಾರಿ ಇಲ್ಲದ ಹಡಗುಗಳನ್ನು ಕಡಲಿನಲ್ಲಿ ಹಿಡಿದರು. ಮಾರುವವರು ಒದ್ದೆ ಮಾಲನ್ನು ಅವರಿಗೆ ಕೊಟ್ಟು, ಒಳ್ಳೆಯ ಮಾಲಿನಲ್ಲಿ ಕೆಲಭಾಗವನ್ನು ಕೆಂಪು ಸಮುದ್ರದ ವರ್ತಕರಿಗೂ, ಕೆಲಭಾಗವನ್ನು ಎತ್ತಿನ ಮೇಲೆ ಹೇರಿ ಘಟ್ಟ ಹತ್ತಿಸಿ ಪೂರ್ವದ ಕರಾವಳಿಗೂ ಕಳುಹಿಸಿದರು. ಫಿರಂಗಿ ಇದ್ದವನಿಗೆ ಕಡಲು ಸಿಕ್ಕಿರಬಹುದು, ಘಟ್ಟದ ದಾರಿ ಸಿಗಲಿಲ್ಲ.

ಟೀಚರ್, ಮಕ್ಕಳಿಗೆ ಅಡುಗೆಮನೆಯ ಮಾತುಗಳನ್ನೂ ತೋರಿಸಿ. ನಮಗೆ ಮೊದಲಿನಿಂದ ಇದ್ದದ್ದು ಮೆಣಸು. ಅಮೆರಿಕದಿಂದ ಪೋರ್ಚುಗೀಸರ ಮೂಲಕ ಬಂದ ಖಾರದ ಕಾಯಿಗೆ ನಮ್ಮವರು ಮೆಣಸಿನಕಾಯಿ ಎಂದು ಹಳೆಯ ಹೆಸರಿನಿಂದಲೇ ಹೊಸ ಹೆಸರು ಮಾಡಿದರು. ಅಮೆರಿಕದಿಂದಲೇ ಬಂದ ಇನ್ನೊಂದು ಹಣ್ಣು ಪರಂಗಿ ಹಣ್ಣಾಯಿತು. ಕೊಡವ ತಕ್ಕಿನಲ್ಲಿ ಕಾಳುಮೆಣಸು ನಲ್ಲಮಳು, ಗಾಂಧಾರಿ ಮೆಣಸು ಎಂಬ ಪುಟ್ಟ ಮೆಣಸಿನಕಾಯಿ ಪರಂಗಿ ಮಳು. ಪರಂಗಿ ಎಂದರೆ ಯುರೋಪಿನವನು. ನಮ್ಮ ಹಂದಿ ಮಾಂಸದ ಪಂದಿ ಕರಿಗೆ ಇಂದಿಗೂ ಕಪ್ಪು ಬಣ್ಣ ಕೊಡುವುದು ಹುರಿದ ಮೆಣಸೂ ಕಾಚಂಪುಳಿ ಎಂಬ ಕಪ್ಪು ಹುಳಿಯೂ.

ಮರುಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಗೋಣಿಕೊಪ್ಪ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಇನ್ನೆರಡು ಸಂದೇಹಗಳಿವೆ. ಸ್ಪೇನಿನವರು ಮೆಕ್ಸಿಕೊ, ಪೆರುಗಳನ್ನು ಇಡಿಯಾಗಿ ಗೆದ್ದರೆ, ಪೋರ್ಚುಗೀಸರು ಇಲ್ಲಿ ಕೋಟೆಗಳಿಗಷ್ಟೇ ಸೀಮಿತರಾದದ್ದೇಕೆ? ಯುರೋಪಿನ ಚರ್ಚಿನ ಒಡಕು ನಮ್ಮ ಕೊಡಗಿನವರೆಗೂ ತಲುಪಿತೇ?

ಉತ್ತರ: ಇತಿಹಾಸದ ಸ್ನಾತಕೋತ್ತರ ವಿದ್ಯಾರ್ಥಿ, ಕುಶಾಲನಗರ

ಮೊದಲ ಸಂದೇಹಕ್ಕೆ ನನ್ನ ಉತ್ತರ ರೋಗದಿಂದ ಆರಂಭವಾಗುತ್ತದೆ. ಸಿಡುಬನ್ನು ಎಂದೂ ಕಾಣದಿದ್ದ ಅಮೆರಿಕದ ಜನರ ಮೇಲೆ ಅದು 1520ರಲ್ಲಿ ಮೆಕ್ಸಿಕೊದಲ್ಲಿ ಎರಗಿತು. ಮರುವರ್ಷ ಆಗಸ್ಟ್ 13ರಂದು ಆಸ್ಟೆಕರ ರಾಜಧಾನಿ ತೆನೋಚ್ತಿತ್ಲಾನ್ ಬಿದ್ದಾಗ ಸ್ಪೇನಿನ ದಂಡನಾಯಕ ಕೊರ್ತೆಸನ ಜೊತೆಯಲ್ಲಿ ಆಸ್ಟೆಕರ ಹಳೆಯ ವೈರಿಗಳಾದ ತ್ಲಾಷ್ಕಾಲದ ಸಾವಿರಾರು ಯೋಧರೂ ಇದ್ದರು. ನಮ್ಮ ನಾಡಿನ ಜನಕ್ಕೆ ಸಿಡುಬು ಹೊಸದಲ್ಲ, ಕುದುರೆಯೂ ಹೊಸದಲ್ಲ, ಫಿರಂಗಿಯೂ ಹೊಸದಲ್ಲ. ಇಲ್ಲಿ ವಿಜಯನಗರ, ಬಿಜಾಪುರಗಳಂಥ ರಾಜ್ಯಗಳಿದ್ದವು. 1510ರಲ್ಲಿ ಗೋವೆಯನ್ನು ಆದಿಲ್ ಶಾಹಿಯಿಂದ ಕಸಿದುಕೊಳ್ಳುವಾಗ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕನಿಗೆ ಹೊನ್ನಾವರದ ತಿಮ್ಮಯ್ಯನ ನೆರವು ಬೇಕಾಯಿತು.

ಗೆಲುವಿನ ಜೊತೆ ಧರ್ಮ ಹೇಗೆ ನಡೆದುಬಂತು ಎಂಬುದನ್ನು ಮಕ್ಕಳಿಗೆ ಮರೆಮಾಚದೆ ಹೇಳಬೇಕೆಂಬುದು ನನ್ನ ಕಳಕಳಿಯ ವಿನಂತಿ. 1532ರ ನವೆಂಬರ್ 16ರಂದು ಪೆರುವಿನ ಕಹಮಾರ್ಕ ಪಟ್ಟಣದ ಚೌಕದಲ್ಲಿ ಪಾದ್ರಿ ವಾಲ್ವೆರ್ದೆ ಇಂಕಾ ಅರಸ ಅಟಾವಾಲ್ಪನ ಕೈಗೆ ಒಂದು ಪ್ರಾರ್ಥನಾ ಪುಸ್ತಕವನ್ನು ಕೊಟ್ಟ. ಬರಹವೆಂಬುದನ್ನೇ ಕಾಣದ ನಾಡಿನ ಆ ಅರಸ ಪುಟಗಳನ್ನು ನೋಡಿ, ಅದನ್ನು ನೆಲಕ್ಕೆ ಎಸೆದ. ಅಡಗಿ ಕುಳಿತಿದ್ದ ಸ್ಪೇನಿನ ದಂಡನಾಯಕ ಪಿಸಾರೊನ ಸುಮಾರು 168 ಮಂದಿ ಮೇಲೆ ಬಿದ್ದು ಸಾವಿರಾರು ಜನರನ್ನು ಕೊಂದರು. ಬಿಡುಗಡೆಗಾಗಿ ಒಂದು ಕೋಣೆಯ ತುಂಬ ಚಿನ್ನವನ್ನೂ, ಅದರ ಎರಡರಷ್ಟು ಬೆಳ್ಳಿಯನ್ನೂ ತರಿಸಿಕೊಟ್ಟ ಅರಸನನ್ನು ಮರುವರ್ಷ ಕೊರಳು ಬಿಗಿದು ಕೊಂದರು. ಇದನ್ನೆಲ್ಲ ಖಂಡಿಸಿದವರೂ ಅದೇ ಚರ್ಚಿನೊಳಗಿದ್ದರು: ಪಾದ್ರಿ ಲಾಸ್ ಕಾಸಾಸ್ ತನ್ನ ಕೆಲಸಕ್ಕೆ ಬಿಟ್ಟಿದ್ದ ಅಮೆರಿಕದ ಸ್ಥಳೀಯ ಆಳುಗಳನ್ನು 1514ರಲ್ಲಿ ಬಿಟ್ಟುಕೊಟ್ಟು, 1550ರಲ್ಲಿ ವಯ್ಯಾಡೊಲಿಡ್ ನಗರದ ಸಭೆಯಲ್ಲಿ ಆ ಜನರ ಪರವಾಗಿ ವಾದಿಸಿದ.

ಎರಡೂ ಕಥೆಗಳು ಕೂಡುವ ಇನ್ನೊಂದು ಜಾಗ ಜರ್ಮನ್ ಚಿತ್ರಕಾರ ಡ್ಯೂರರನ ಪ್ರವಾಸದ ದಿನಚರಿ. 1520ರಲ್ಲಿ ಬ್ರಸೆಲ್ಸ್‌ನಲ್ಲಿ ಅವನು ಮೆಕ್ಸಿಕೊದಿಂದ ದೊರೆ ಐದನೆಯ ಚಾರ್ಲ್ಸನಿಗೆ ಬಂದಿದ್ದ ಚಿನ್ನದ ಸೂರ್ಯನನ್ನೂ ಬೆಳ್ಳಿಯ ಚಂದ್ರನನ್ನೂ ಕಂಡು ಆ ಕೈಕೆಲಸಕ್ಕೆ ಬೆರಗಾಗಿ ಬರೆದ. ಮರುವರ್ಷ ಮೇ ತಿಂಗಳಲ್ಲಿ, ಲೂಥರನನ್ನು ಹಿಡಿದೊಯ್ದರೆಂಬ ಸುದ್ದಿ ಕೇಳಿ ಅದೇ ದಿನಚರಿಯಲ್ಲಿ ದುಃಖಿಸಿದ. ಲೂಥರನನ್ನು ವಿಚಾರಣೆಗೆ ಕರೆಸಿದ್ದ 1521ರ ವರ್ಮ್ಸ್ ಸಭೆಯಲ್ಲಿ ಅವನ ಎದುರು ಕುಳಿತಿದ್ದವನೂ ಇದೇ ಚಾರ್ಲ್ಸ್. 1519ರ ಚುನಾವಣೆಯಲ್ಲಿ ಅವನನ್ನು ಚಕ್ರವರ್ತಿಯಾಗಿಸಲು ಖರ್ಚಾದ ಸುಮಾರು 8.5 ಲಕ್ಷ ಗಿಲ್ಡರುಗಳಲ್ಲಿ 5 ಲಕ್ಷಕ್ಕೂ ಮಿಕ್ಕಿದ್ದು ಫುಗ್ಗರರ ಸಾಲವಾಗಿತ್ತು.

ಉತ್ತರ: ಗ್ರಂಥಪಾಲಕಿ, ವಿರಾಜಪೇಟೆ

ಎರಡನೆಯ ಸಂದೇಹಕ್ಕೆ ಉತ್ತರ ಹೇಳುವುದು ನಮ್ಮ ಊರಿನವರಿಗೆ ಸುಲಭ, ಏಕೆಂದರೆ ಒಡಕಿನ ಎರಡೂ ಕವಲುಗಳು, ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟಂಟ್, ಕೊಡಗಿಗೆ ಬಂದಿವೆ. ಲೂಥರನಿಗೆ ಉತ್ತರವಾಗಿ ಕ್ಯಾಥೊಲಿಕ್ ಚರ್ಚು ತನ್ನನ್ನು ತಾನೇ ತಿದ್ದಿಕೊಂಡ ಪ್ರತಿ ಸುಧಾರಣೆಯ ಕಾಲದಲ್ಲಿ, 1540ರಲ್ಲಿ ಜೆಸ್ವಿಟ್ ಸಂಘಕ್ಕೆ ಪೋಪರ ಒಪ್ಪಿಗೆ ಸಿಕ್ಕಿತು. 1542ರಲ್ಲಿ ಆ ಸಂಘದ ಫ್ರಾನ್ಸಿಸ್ ಜೇವಿಯರ್ ಗೋವೆಗೆ ಬಂದಿಳಿದ. 1560ರಲ್ಲಿ ಅಲ್ಲಿ ಧರ್ಮ ವಿಚಾರಣಾ ನ್ಯಾಯಾಲಯವೂ ಆರಂಭವಾಗಿ 1812ರವರೆಗೆ ನಡೆಯಿತು. ಅದರ ಭಯ, ಕ್ಷಾಮ, ಯುದ್ಧ ಮೊದಲಾದ ಕಾರಣಗಳಿಂದ ಗೋವೆಯ ಕೊಂಕಣಿ ಕ್ರೈಸ್ತರು ಗುಂಪುಗುಂಪಾಗಿ ಕರಾವಳಿ ಕನ್ನಡ ನಾಡಿಗೆ ಇಳಿದುಬಂದರು. 1784ರಲ್ಲಿ ಟಿಪ್ಪು ಅವರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅಲ್ಲಿಂದ ತಪ್ಪಿಸಿಕೊಂಡು ಬಂದವರಿಗೆ ನಮ್ಮ ದೊಡ್ಡ ವೀರರಾಜೇಂದ್ರ ವಿರಾಜಪೇಟೆಯಲ್ಲಿ ನೆಲೆ ಕೊಟ್ಟ. 1792ರ ಸಂತ ಅನ್ನಮ್ಮನವರ ಚರ್ಚು ಹುಟ್ಟಿದ್ದು ಹೀಗೆ.

ಇನ್ನೊಂದು ಕವಲು ಸ್ವಿಟ್ಜರ್ಲೆಂಡಿನ ಬಾಸೆಲಿನದು. 1529ರಲ್ಲಿ ಸುಧಾರಣೆಯನ್ನು ಒಪ್ಪಿಕೊಂಡ ಆ ನಗರದಲ್ಲಿಯೇ 1536ರಲ್ಲಿ ಇನ್ನೊಬ್ಬ ಮತಸುಧಾರಕ ಕ್ಯಾಲ್ವಿನನ ಮುಖ್ಯ ಗ್ರಂಥ ಮೊದಲು ಅಚ್ಚಾಯಿತು. ಆ ನಗರದ ಹೆಸರು ಹೊತ್ತ ಧರ್ಮಪ್ರಚಾರ ಸಂಸ್ಥೆ ಬಾಸೆಲ್ ಮಿಷನ್ 1834ರಲ್ಲಿ, ಅಂದರೆ ಕೊಡಗು ಬ್ರಿಟಿಷರ ಕೈಸೇರಿದ ವರ್ಷದಲ್ಲಿಯೇ, ಮಂಗಳೂರಿಗೆ ಬಂತು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಆ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1853ರಲ್ಲಿ ಕೊಡಗಿಗೆ ಬಂದು, ಸಿದ್ದಾಪುರದ ಬಳಿ ಆನಂದಪುರವನ್ನು ನೆಲೆಗೊಳಿಸಿದ. ಜನರ ನುಡಿಯಲ್ಲೇ ಧರ್ಮಗ್ರಂಥ ಓದಿಸಬೇಕೆಂಬ ಅವರ ಹಠಕ್ಕೆ 1522ರಲ್ಲಿ ಲೂಥರ್ ಜರ್ಮನ್ ಭಾಷೆಗೆ ತಂದ ಹೊಸ ಒಡಂಬಡಿಕೆಯೇ ಮೂಲ ಎಂದು ನಾನು ಭಾವಿಸುತ್ತೇನೆ. ಹಾಗೆಂದು ಅಚ್ಚು ಮತ್ತು ದೇಶಭಾಷೆ ಒಂದು ಪಂಥದ ಸೊತ್ತೇನಲ್ಲ. ಗೋವೆಯಲ್ಲಿ ಜೆಸ್ವಿಟರ ಮುದ್ರಣಾಲಯ 1556ರಲ್ಲಿಯೇ ಆರಂಭವಾಗಿತ್ತು.

ಮೇಡಂ, ಮಕ್ಕಳನ್ನು ವಿರಾಜಪೇಟೆಗೆ ಕರೆತಂದರೆ ಚರ್ಚಿನ ಎದುರು ನಿಲ್ಲಿಸಿ ಒಂದು ಸಂಗತಿ ಹೇಳಿ. ಅಲ್ಮೇಡಾ ಕಣ್ಣೂರಿನಲ್ಲಿ ಕೋಟೆ ಕಟ್ಟಿಸಿದ ಅದೇ 1505ರ ಜುಲೈ 2ರಂದು, ಕಾನೂನು ಓದುತ್ತಿದ್ದ ಲೂಥರ್ ದಾರಿಯಲ್ಲಿ ಸಿಡಿಲಿಗೆ ಸಿಕ್ಕಿ ಹೆದರಿ, ಬದುಕಿ ಉಳಿದರೆ ಸನ್ಯಾಸಿಯಾಗುತ್ತೇನೆಂದು ಹರಕೆ ಹೊತ್ತ. ಅವನು ಕೂಗಿ ಕರೆದದ್ದು ಗಣಿ ಕೆಲಸಗಾರರ ಪಾಲಿನ ಸಂತಳನ್ನು, ಇದೇ ಅನ್ನಮ್ಮನನ್ನು. ಅವನ ತಂದೆ ತಾಮ್ರದ ಗಣಿಯನ್ನು ನಂಬಿ ಬದುಕಿದವನು.