ವಿಆರ್‌ನಲ್ಲಿ ಅಂತರಗಂಗೆ: ನೀರಿನ ಸದ್ದು ತಲೆ ಜೊತೆಗೇ ತಿರುಗುತ್ತಿದೆ

ಕೋಲಾರ_ವಿಆರ್:
ಯೂನಿಟಿ ಅನ್ನೋ ಗೇಮ್ ಎಂಜಿನ್‌ನಲ್ಲಿ ಕೋಲಾರದ ಬೆಟ್ಟದ ಅಂತರಗಂಗೆ ಕಟ್ಟುತ್ತಿದ್ದೇನೆ, ಕ್ವೆಸ್ಟ್ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್‌ಗೆ. ಅಲ್ಲಿನ ಕಲ್ಲಿನ ಬಸವನ ಬಾಯಿಂದ ಬೀಳುವ ನೀರಿನ ಸದ್ದು ಫೋನಲ್ಲಿ ಹಿಡಿದದ್ದು, ಸ್ಟೀರಿಯೊ. ಎತ್ತ ತಿರುಗಿದರೂ ಎರಡೂ ಕಿವಿಗೆ ಒಂದೇ ಸಮ. ಮೆಟ್ಟಿಲಿಳಿದು ದೂರ ಹೋದರೂ ಕಮ್ಮಿಯಾಗಲ್ಲ. ಏನು ಬಿಟ್ಟೆ?

ಸದ್ದುಗಾರ:
ಆಡಿಯೊ ಸೋರ್ಸ್‌ನ ಸ್ಪೇಷಿಯಲ್ ಬ್ಲೆಂಡ್ 0ಯಲ್ಲೇ (ದಿಕ್ಕು-ದೂರ ಇಲ್ಲದ 2ಡಿ) ಇರುತ್ತೆ ನೋಡಿ, 1ಕ್ಕೆ (3ಡಿ) ಎಳೀರಿ. ಇಂಪೋರ್ಟ್ ಸೆಟ್ಟಿಂಗ್‌ನಲ್ಲಿ ಫೋರ್ಸ್ ಟು ಮೊನೊ ಟಿಕ್ ಮಾಡಿ. ಬಸವನ ಬಾಯಿ ಒಂದೇ ಜಾಗ, ಅದಕ್ಕೆ ಎರಡು ಚಾನೆಲ್ ಬೇಡ. ಆಮೇಲೆ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಆಡಿಯೊ ಪುಟದಲ್ಲಿ ಸದ್ದಿಗೆ ದಿಕ್ಕು ಕೊಡೋ ಸ್ಪೇಷಿಯಲೈಸರ್ ಪ್ಲಗಿನ್ ಆರಿಸಿ. ಅದನ್ನು ಆರಿಸದಿದ್ದರೆ ಸೋರ್ಸ್‌ನಲ್ಲಿ ಸ್ಪೇಷಿಯಲೈಸ್ ಅನ್ನೋ ಟಿಕ್ಕೇ ಕಾಣಿಸಲ್ಲ, ಎಡ-ಬಲ ಬಿಟ್ಟು ಮೇಲೆ-ಕೆಳಗೆ, ಹಿಂದೆ-ಮುಂದೆ ಗೊತ್ತಾಗಲ್ಲ.

ದೂರದ್ದು ಬೇರೆ ಸಮಸ್ಯೆ. ರೋಲಾಫ್ ಅಂದರೆ ದೂರ ಹೋದಂತೆ ಸದ್ದು ಇಳಿಯೋ ರೀತಿ. ಲಾಗರಿದಮಿಕ್ ರೋಲಾಫ್‌ನಲ್ಲಿ ಮ್ಯಾಕ್ಸ್ ಡಿಸ್ಟೆನ್ಸ್ ದಾಟಿದರೆ ಸದ್ದು ನಿಲ್ಲುತ್ತೆ ಅಂತ ಎಲ್ಲರೂ ಅಂದುಕೊಳ್ತಾರೆ. ನಿಲ್ಲಲ್ಲ, ಕಮ್ಮಿಯಾಗೋದು ಮಾತ್ರ ನಿಲ್ಲುತ್ತೆ. ರೋಲಾಫ್ ಕಸ್ಟಮ್ ಇಟ್ಟು ಅದರ ಗೆರೆಯನ್ನು ಕೊನೆಯಲ್ಲಿ ಸೊನ್ನೆಗೆ ಇಳಿಸಿ. ಹಾಗೇ ಡಾಪ್ಲರ್ ಲೆವೆಲ್ (ಚಲನೆಗೆ ತಕ್ಕಂತೆ ಸದ್ದಿನ ಶ್ರುತಿ ಬದಲಿಸೋದು) ಕೂಡ 0 ಮಾಡಿಬಿಡಿ, ಇಲ್ಲದಿದ್ದರೆ ಟೆಲಿಪೋರ್ಟ್ ಆದಾಗಲೆಲ್ಲ (ಒಮ್ಮೆಲೇ ಬೇರೆ ಜಾಗಕ್ಕೆ ಹಾರಿದಾಗಲೆಲ್ಲ) ನೀರು ‘ಕುಂಯ್’ ಅನ್ನುತ್ತೆ.

ಕೋಲಾರ_ವಿಆರ್:
ಎಡ-ಬಲ ಸರಿಹೋಯ್ತು, ಥ್ಯಾಂಕ್ಸ್. ಹಿಂದೆ-ಮುಂದೆ ಇನ್ನೂ ಗೊಂದಲ.

ಮಾಲೂರು_ಮೈಕ್:
ರೆಕಾರ್ಡಿಂಗ್ ಮೇಲೇ ನನಗೆ ಅನುಮಾನ. ಎಡ-ಬಲಕ್ಕೆ ಎರಡು ಕಿವಿಗಳ ನಡುವಿನ ಸಮಯದ ವ್ಯತ್ಯಾಸ ಸಾಕು, ಹೆಚ್ಚೆಂದರೆ 0.7 ಮಿಲಿಸೆಕೆಂಡ್ ಆಸುಪಾಸು. ಹಿಂದೆ-ಮುಂದೆ ತಿಳಿಯೋದು ಕಿವಿಯ ಹಾಲೆ ಎತ್ತರದ ಆವರ್ತನಗಳನ್ನು ತಿದ್ದುವ ರೀತಿಯಿಂದ. ಫೋನಿನ ನಾಯ್ಸ್ ರಿಡಕ್ಷನ್‌ಗೆ ಒಂದೇ ಸಮ ಸುರಿಯೋ ನೀರೂ ಗಲಾಟೆಯೇ. ಆ ಆವರ್ತನಗಳನ್ನೇ ತಿಂದುಹಾಕಿರುತ್ತೆ. ಅದನ್ನು ಆಫ್ ಮಾಡಿ, 48 ಕಿಲೋಹರ್ಟ್ಸ್ ವೇವ್ ಫೈಲ್‌ನಲ್ಲಿ ಹತ್ತಿರದಿಂದ ಮತ್ತೆ ಹಿಡೀರಿ. ಗಾಳಿಗೆ ಮೈಕ್‌ಗೆ ತುಪ್ಪಳದ ವಿಂಡ್‌ಸ್ಕ್ರೀನ್ ಬೇಕು, ಅದು ಅಲ್ಲಿನ ಕೋತಿಗಳ ಕೈಗೆ ಸಿಗದ ಹಾಗೆ ನೋಡ್ಕೊಳ್ಳಿ. ಬ್ಲೂಟೂತ್ ಇಯರ್‌ಫೋನ್ ಬಳಸ್ತಿದ್ದರೆ ಅದನ್ನೂ ಬಿಡಿ: ತಲೆ ತಿರುಗಿದ ಮೇಲೆ ಸದ್ದು ತಡವಾಗಿ ತಿರುಗಿದರೆ, ಕತ್ತು ಅಲ್ಲಾಡಿಸಿ ದಿಕ್ಕು ಹಿಡಿಯೋಕಾಗಲ್ಲ.

ಸದ್ದುಗಾರ:
ಗಾಳಿ, ಹಕ್ಕಿಗಳಿಗೆ ಪಾಯಿಂಟ್ ಸೋರ್ಸ್ (ಒಂದೇ ಜಾಗದಿಂದ ಬರೋ ಸದ್ದು) ಬೇಡ, ಸುತ್ತಲ ಸದ್ದನ್ನೆಲ್ಲ ದಿಕ್ಕಿನ ಸಮೇತ ಹಿಡಿಯೋ ನಾಲ್ಕು ಚಾನೆಲ್‌ನ ಆಂಬಿಸಾನಿಕ್ ಹಾಕಿ, ಕ್ಲಿಪ್‌ನಲ್ಲಿ ಆಂಬಿಸಾನಿಕ್ ಟಿಕ್ ಮಾಡಿ. ಫೈಲ್‌ನ ಚಾನೆಲ್‌ಗಳು ಆಂಬಿಎಕ್ಸ್ ಅನ್ನೋ ಕ್ರಮದಲ್ಲೇ ಇರಲಿ. ಹಳೇ ಫ್ಯೂಮಾ ಕ್ರಮದ್ದಾದರೆ ಚಾನೆಲ್‌ಗಳು ಅದಲುಬದಲಾಗಿ, ಎದುರಿನ ಹಕ್ಕಿ ಪಕ್ಕದಲ್ಲಿ ಕೂಗುತ್ತೆ.