ತೋಡಿನ ತಿರುವು ಸಡಿಲವಾದರೆ ಪೆಲೆಟ್ ವೇಗ ಹೆಚ್ಚುತ್ತದೆಯೇ?

ಕೋಥ್ರೂಡ್ ಹೆಗಡೆ:
ಪುಣೆ, ಮುಂಬೈ, ಗೋವಾದ ಏರ್‌ಗನ್ ಪ್ರಿಯ ಕನ್ನಡಿಗರ ಗಮನಕ್ಕೆ. ನನ್ನ ಹಳೆಯ ಸ್ಪ್ರಿಂಗ್ ರೈಫಲ್ಲಿಗೆ ಹೊಸ ಬ್ಯಾರೆಲ್ ಹಾಕಿಸಿದೆ. ಹಳೆಯದರ ರೈಫ್ಲಿಂಗ್, ಅಂದರೆ ಕೊಳವೆಯೊಳಗೆ ಕೊರೆದ ಸುರುಳಿ ತೋಡು, 400 ಮಿ.ಮೀ.ಗೆ ಒಂದು ಸುತ್ತು ಬರುತ್ತಿತ್ತು, ಹೊಸದರಲ್ಲಿ 500 ಮಿ.ಮೀ.ಗೆ ಒಂದು ಸುತ್ತು. ವೇಗ ಅಳೆಯುವ ಕ್ರೋನೋಗ್ರಾಫಿನಲ್ಲಿ ಸೆಕೆಂಡಿಗೆ 250 ಮೀಟರ್ ಇದ್ದ ವೇಗ 305ಕ್ಕೆ ಜಿಗಿಯಿತು, ಅಂದರೆ ಸಾವಿರ ಅಡಿ! ಪೆಲೆಟ್ಟನ್ನು, ಅಂದರೆ ಏರ್‌ಗನ್ನಿನ ಪುಟ್ಟ ಗುಂಡನ್ನು, ತಿರುಗಿಸಲು ಖರ್ಚಾಗುತ್ತಿದ್ದ ಶಕ್ತಿ ಈಗ ಅದನ್ನು ಮುಂದಕ್ಕೆ ದೂಡುತ್ತಿದೆ. ಹೈಸ್ಕೂಲು ಭೌತಶಾಸ್ತ್ರ ಓದಿದವರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ.

ಭೋಸರಿ ಲೇತ್:
ಹೈಸ್ಕೂಲು ಭೌತಶಾಸ್ತ್ರವನ್ನೇ ಹಿಡಿದು ಲೆಕ್ಕ ಹಾಕೋಣ. 4.5 ಮಿ.ಮೀ. ವ್ಯಾಸ, 0.53 ಗ್ರಾಂ ತೂಕದ ಸೀಸದ ಪೆಲೆಟ್ 250 ಮೀಟರ್ ವೇಗದಲ್ಲಿ ಹೊರಟರೆ ಅದರ ಚಲನಶಕ್ತಿ ಸುಮಾರು 16.6 ಜೂಲ್. 400 ಮಿ.ಮೀ. ತಿರುವಿನಲ್ಲಿ ಅದು ಸೆಕೆಂಡಿಗೆ 625 ಸುತ್ತು ತಿರುಗುತ್ತದೆ. ಆ ತಿರುಗಾಟಕ್ಕೆ ಹೋಗುವ ಶಕ್ತಿ ಒಂದು ಜೂಲಿನ ನೂರನೇ ಒಂದು ಭಾಗದಷ್ಟು. ತಿರುವನ್ನು 500ಕ್ಕೆ ಸಡಿಲಿಸಿದರೆ ಉಳಿತಾಯವಾಗುವುದು ಅದರಲ್ಲೂ ಮೂರನೇ ಒಂದು ಪಾಲು. ವೇಗದಲ್ಲಿ ಸಿಗುವ ಲಾಭ ಸೆಕೆಂಡಿಗೆ ಮೂರು ನಾಲ್ಕು ಸೆಂಟಿಮೀಟರ್. ನೀವು ಹೇಳುತ್ತಿರುವುದು 55 ಮೀಟರ್. ತೋಡಿನ ಘರ್ಷಣೆಯೂ ಅಷ್ಟೇನೂ ಬದಲಾಗುವುದಿಲ್ಲ, ಏಕೆಂದರೆ ತೋಡಿನ ಓರೆ 2 ಡಿಗ್ರಿಯಿಂದ 1.6ಕ್ಕೆ ಇಳಿದಿದೆ, ಅಷ್ಟೇ. ಹೊಸ ಬ್ಯಾರೆಲ್ಲಿನ ಒಳಗೆ ಎಣ್ಣೆ ಉಳಿದಿತ್ತೇ? ಸ್ಪ್ರಿಂಗ್ ಗನ್ನಿನಲ್ಲಿ ಒತ್ತಿದ ಗಾಳಿಯ ಬಿಸಿಗೆ ಎಣ್ಣೆ ಹೊತ್ತಿಕೊಂಡರೆ ವೇಗ ಸುಳ್ಳುಸುಳ್ಳೇ ಏರುತ್ತದೆ.

ಕೋಥ್ರೂಡ್ ಹೆಗಡೆ:
ಸೆಕೆಂಡಿಗೆ 625 ಸುತ್ತು ಎಂದು ನೀವೇ ಬರೆದಿದ್ದೀರಿ! ಅಂದರೆ ನಿಮಿಷಕ್ಕೆ 37,500. ನಮ್ಮ ಅಡುಗೆಮನೆಯ ಮಿಕ್ಸಿ ಅದರ ಅರ್ಧದಷ್ಟು ತಿರುಗಲು 750 ವಾಟ್ ನುಂಗುತ್ತದೆ. ಇದಕ್ಕೆ ಶಕ್ತಿಯೇ ಬೇಡ ಎನ್ನುತ್ತೀರಲ್ಲ, ಯಾರಾದರೂ ನಂಬುತ್ತಾರೆಯೇ?

ಭೋಸರಿ ಲೇತ್:
ಮಿಕ್ಸಿ ಚಟ್ನಿ ರುಬ್ಬುತ್ತದೆ, ಸ್ವಾಮಿ. ಪೆಲೆಟ್ ಅರ್ಧ ಗ್ರಾಂ ಸೀಸ. ಎಣ್ಣೆಯ ಪ್ರಶ್ನೆಗೆ ಉತ್ತರ ಬರಲಿಲ್ಲ.

ವಾಸ್ಕೋ ನಾಯಕ್:
ಲೆಕ್ಕ ಹಾಕುವವರು ಇತಿಹಾಸವನ್ನೂ ನೋಡಬೇಕು. 1780ರ ಹೊತ್ತಿಗೇ ಆಸ್ಟ್ರಿಯಾದ ಸೇನೆಯ ಕೈಯಲ್ಲಿ ಜಿರಾಂಡೋನಿ ಏರ್ ರೈಫಲ್ ಇತ್ತು, ಅದರ ಬ್ಯಾರೆಲ್ಲಿಗೂ ತೋಡು ಕೊರೆದಿದ್ದರು. ಅನ್ವೇಷಕರಾದ ಲೂಯಿಸ್ ಮತ್ತು ಕ್ಲಾರ್ಕ್ 1804ರಲ್ಲಿ ಅಮೆರಿಕದ ಪಶ್ಚಿಮಕ್ಕೆ ಹೊರಟಾಗ ಏರ್ ರೈಫಲ್ ಒಯ್ದಿದ್ದರು. ನಮ್ಮ ಶೂಟರ್ ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ರೈಫಲ್ಲಿನಲ್ಲೂ ತೋಡು ಇದೆ. ಹಾಗಾದರೆ ತಿರುವಿನಿಂದ ಲಾಭ ಇದ್ದೇ ಇದೆ.

ಬಾಣೇರ್ ವಸುಧಾ:
ನಾಯಕರೇ, ಕುಸಾಳೆ ಗೆದ್ದದ್ದು 50 ಮೀಟರ್ ರೈಫಲ್ ತ್ರೀ ಪೊಸಿಷನ್ಸ್. ಅದು ಮದ್ದುಗುಂಡಿನ ರೈಫಲ್, ಏರ್‌ಗನ್ ಅಲ್ಲ. ನನ್ನ ಮಗಳು ಪುಣೆಯ ಬಾಲೆವಾಡಿಯ ಶೂಟಿಂಗ್ ರೇಂಜಿನಲ್ಲಿ 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತಾಳೆ. ಅಲ್ಲಿ ಪೆಲೆಟ್ ವೇಗ ಸೆಕೆಂಡಿಗೆ 170, 175 ಮೀಟರ್ ಆಸುಪಾಸು. ಹತ್ತು ಅಂಕದ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್. ಸಾವಿರ ಅಡಿ ಬೇಕೆಂದು ಅಲ್ಲಿ ಯಾರೂ ಕೇಳುವುದಿಲ್ಲ. ತೋಡು ಇರುವುದು ಪೆಲೆಟ್ ನೆಟ್ಟಗೆ ಹೋಗಲಿ ಎಂದು.

ವಾಸ್ಕೋ ನಾಯಕ್:
ರೈಫಲ್ ರೈಫಲ್ಲೇ. ಬಾಲೆವಾಡಿಯಲ್ಲಿ ಮಕ್ಕಳಿಗೆ ಕಲಿಸುವುದು ಬೇರೆ, ಬ್ಯಾಲಿಸ್ಟಿಕ್ಸ್ ಬೇರೆ.

ಮಾಟುಂಗಾ ಶೆಟ್ಟಿ:
ತಿರುವಿನ ಮಾತು ಆಮೇಲೆ ನೋಡೋಣ. ಹೆಗಡೆಯವರೇ, 305 ಮೀಟರ್ ಎಂದಿರಲ್ಲ, 0.53 ಗ್ರಾಂ ಪೆಲೆಟ್ ಆ ವೇಗದಲ್ಲಿ ಹೋದರೆ 24.6 ಜೂಲ್ ಆಗುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದಾದ ಏರ್‌ಗನ್ನಿಗೆ 20 ಜೂಲ್ ಮಿತಿ ಇದೆ, ಕೊಳವೆಯ ಒಳವ್ಯಾಸ 4.5 ಮಿ.ಮೀ. ಮೀರಬಾರದು. ನಿಮ್ಮ ಹತ್ತಿರ ಪರವಾನಗಿ ಇದೆಯೇ?

ಕೋಥ್ರೂಡ್ ಹೆಗಡೆ:
ಶೆಟ್ಟರೇ, ನಾನು ಭೌತಶಾಸ್ತ್ರ ಮಾತನಾಡಿದರೆ ನೀವು ಠಾಣೆಯ ಮೆಟ್ಟಿಲು ತೋರಿಸುತ್ತೀರಿ. ಪೆಟ್ಟಿಗೆಯ ಮೇಲೆಯೇ ಸಾವಿರ ಅಡಿ ಎಂದು ಅಚ್ಚು ಹಾಕಿದ್ದಾರೆ. ಅಂಗಡಿಯವನು ಬಿಲ್ಲು ಕೊಟ್ಟಿದ್ದಾನೆ. ಇನ್ನೇನು ಬೇಕು?

ಮಾಟುಂಗಾ ಶೆಟ್ಟಿ:
ಬಿಲ್ಲು ಪರವಾನಗಿಯಲ್ಲ. ಬ್ಯಾರೆಲ್ ಬದಲಿಸಿ ಶಕ್ತಿ ಹೆಚ್ಚಿಸಿದೆ ಎಂದು ಹತ್ತು ಜನರ ಮುಂದೆ ನೀವೇ ಬರೆದಿದ್ದೀರಿ. ಅದು ಸುಳ್ಳೆನ್ನಿ, ಇಲ್ಲವೇ 24.6 ಜೂಲ್ ಒಪ್ಪಿಕೊಳ್ಳಿ. ಮೂರನೆಯ ದಾರಿ ಇಲ್ಲ.

ವಾಸ್ಕೋ ನಾಯಕ್:
ಗೋವಾದಲ್ಲಿ ಕಾನೂನು ಬೇರೆ. ಇಲ್ಲಿ ಗೇರು ತೋಟವಿರುವ ಪ್ರತಿ ಮನೆಯಲ್ಲೂ ಏರ್‌ಗನ್ ಇದೆ, ಯಾರೂ ಜೂಲ್ ಅಳೆಯುವುದಿಲ್ಲ.

ಮಾಟುಂಗಾ ಶೆಟ್ಟಿ:
ಗೋವಾದ್ದು ಬೇರೆ ಇರುವುದು ನಾಗರಿಕ ಸಂಹಿತೆ. ಶಸ್ತ್ರಾಸ್ತ್ರ ಕಾಯ್ದೆ 1959ರ ಕೇಂದ್ರ ಕಾಯ್ದೆ, ಅದಕ್ಕೆ ವಾಸ್ಕೋ, ಮಾಟುಂಗಾ ಎಂಬ ಭೇದವಿಲ್ಲ. ಯಾರೂ ಅಳೆಯುವುದಿಲ್ಲ ಎನ್ನುವುದು ಕಾನೂನು ಬೇರೆ ಇದೆ ಎನ್ನುವುದಕ್ಕೆ ಪುರಾವೆಯಾಗುವುದೂ ಇಲ್ಲ.

ವಾಸ್ಕೋ ನಾಯಕ್:
ಭೇದವಿಲ್ಲ ಎನ್ನುವವರು ಒಮ್ಮೆ ಇಲ್ಲಿಗೆ ಬಂದು ಮಂಗಗಳ ಕಾಟ ನೋಡಲಿ. ಮುಂಬೈಯ ಫ್ಲ್ಯಾಟಿನಲ್ಲಿ ಕುಳಿತು ಉಪದೇಶ ಮಾಡುವುದು ಸುಲಭ.

ಬಾಣೇರ್ ವಸುಧಾ:
ಮಂಗನ ಮೇಲೆ ಪೆಲೆಟ್ ಹಾರಿಸುತ್ತೀರಾ? ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಗೆ 1960ರಿಂದಲೇ ಕಾಯ್ದೆ ಇದೆ. ಹೆಗಡೆಯವರೇ, ನಿಮಗೂ ಒಂದು ಪ್ರಶ್ನೆ. ಈ ಪರೀಕ್ಷೆ ನಡೆಸಿದ್ದು ಎಲ್ಲಿ?

ಕೋಥ್ರೂಡ್ ಹೆಗಡೆ:
ನಮ್ಮ ಸೊಸೈಟಿಯ ಟೆರೇಸಿನಲ್ಲಿ, ಮರಳು ಚೀಲ ಇಟ್ಟು. ಯಾರಿಗೂ ತೊಂದರೆಯಾಗಿಲ್ಲ.

ಬಾಣೇರ್ ವಸುಧಾ:
ಟೆರೇಸಿನಲ್ಲಿ! ಕೆಳಗೆ ಮಕ್ಕಳು ಆಡುತ್ತಿರುವಾಗ ಸೆಕೆಂಡಿಗೆ 305 ಮೀಟರ್! ನಿಮ್ಮ ಸೊಸೈಟಿಯ ಕಾರ್ಯದರ್ಶಿಗೆ ತಿಳಿದಿದೆಯೇ?

ಕೋಥ್ರೂಡ್ ಹೆಗಡೆ:
ನಾನೇ ಕಾರ್ಯದರ್ಶಿ.

ಭೋಸರಿ ಲೇತ್:
ಎಲ್ಲರೂ ಒಂದು ಕ್ಷಣ ಕಾನೂನು ಬಿಡಿ. ಹೆಗಡೆಯವರು ಪೆಲೆಟ್ ತೂಕವನ್ನೇ ಹೇಳಿಲ್ಲ. 0.53 ಗ್ರಾಂ ಎನ್ನುವುದು ನಾನು ಹಿಡಿದುಕೊಂಡ ಲೆಕ್ಕ.

ಕೋಥ್ರೂಡ್ ಹೆಗಡೆ:
ಈಗ ಸರಿಯಾದ ಪ್ರಶ್ನೆ ಬಂತು. ಶೆಟ್ಟರು ಕಿವಿಗೊಟ್ಟು ಕೇಳಲಿ. 305 ಬಂದದ್ದು ಮಿಶ್ರಲೋಹದ ಹಗುರ ಪೆಲೆಟ್ಟಿಗೆ, 0.33 ಗ್ರಾಂ. ಲೆಕ್ಕ ಹಾಕಿ, 15.3 ಜೂಲ್. 20ರ ಒಳಗೇ ಇದೆ. ಪರವಾನಗಿಯ ಗದ್ದಲ ಇಲ್ಲಿಗೆ ಮುಗಿಯಿತು. ಶೆಟ್ಟರು ಕ್ಷಮೆ ಕೇಳಿದರೂ ನಡೆಯುತ್ತದೆ.

ಭೋಸರಿ ಲೇತ್:
ಹಳೆಯ ಬ್ಯಾರೆಲ್ಲಿನಲ್ಲಿ 250 ಬಂದಾಗಲೂ ಅದೇ ಹಗುರ ಪೆಲೆಟ್ ಹಾಕಿದ್ದಿರಾ?

ಕೋಥ್ರೂಡ್ ಹೆಗಡೆ:
ಆಗ ಮಾಮೂಲಿ ಸೀಸದ್ದು. ಅದಕ್ಕೂ ಇದಕ್ಕೂ ಏನು ಸಂಬಂಧ? ನಾನು ಪರವಾನಗಿಯ ಆರೋಪಕ್ಕೆ ಉತ್ತರ ಕೊಟ್ಟೆ. ವಿಷಯ ಬದಲಿಸಬೇಡಿ.

ಭೋಸರಿ ಲೇತ್:
ಇದೇ ವಿಷಯ! 250ರಲ್ಲಿ 16.6 ಜೂಲ್ ಇತ್ತು, 305ರಲ್ಲಿ 15.3 ಆಗಿದೆ. ನಿಮ್ಮದೇ ಅಂಕಿಯಂತೆ ಹೊಸ ಬ್ಯಾರೆಲ್ಲಿನಲ್ಲಿ ಶಕ್ತಿ ಇಳಿದಿದೆ. ವೇಗ ಏರಿದ್ದು ಪೆಲೆಟ್ ಹಗುರವಾದ್ದರಿಂದ, ತಿರುವಿನಿಂದ ಅಲ್ಲ.

ಮಾಟುಂಗಾ ಶೆಟ್ಟಿ:
ಕ್ಷಮೆ ಯಾಕೆ ಕೇಳಲಿ? ಮೊದಲ ಬರಹದಲ್ಲಿ ತೂಕ ಮುಚ್ಚಿಟ್ಟವರು ಯಾರು? ಅದೇ ಗನ್ನಿಗೆ ಭಾರದ ಪೆಲೆಟ್ ಹಾಕಿದಾಗ ಎಷ್ಟು ಜೂಲ್ ಎಂಬುದನ್ನೂ ಹೇಳಲಿ.

ಕೋಥ್ರೂಡ್ ಹೆಗಡೆ:
ತಿರುವಿನಿಂದ ಅಲ್ಲ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದರೆ ಆಯಿತೇ? ಸ್ವೀಡನ್ನಿನ ಎಫ್‌ಎಕ್ಸ್ ಕಂಪನಿಯ ಸ್ಮೂತ್ ಟ್ವಿಸ್ಟ್ ಬ್ಯಾರೆಲ್ ನೋಡಿ. ಉದ್ದಕ್ಕೂ ನುಣುಪು, ಬಾಯಿಯ ಹತ್ತಿರ ಮಾತ್ರ ತಿರುವು. ಅವರು ಹುಚ್ಚರೇ?

ಭೋಸರಿ ಲೇತ್:
ಅಲ್ಲಿ ಕಡಿಮೆ ಮಾಡಿದ್ದು ತೋಡಿನ ಉದ್ದವನ್ನು. ನೀವು ಬದಲಿಸಿದ್ದು ತೋಡಿನ ಓರೆಯನ್ನು. ಎರಡೂ ಬೇರೆ. ವೇಗ ನಿರ್ಧರಿಸುವುದು ಕೊಳವೆಯ ಬಿಗಿ, ಬಾಯಿಯ ಬಳಿ ಕೊಳವೆ ಕಿರಿದಾಗುವ ಚೋಕ್, ಪೆಲೆಟ್ಟಿನ ಹಿಂಬದಿಯ ಅಗಲ ಅಂಚು, ಅಂದರೆ ಲಂಗ, ಗಾಳಿಯನ್ನು ಎಷ್ಟು ಚೆನ್ನಾಗಿ ತಡೆಯುತ್ತದೆ ಎನ್ನುವುದು. ತಿರುವು ಕೆಲಸಕ್ಕೆ ಬರುವುದು ದೂರದಲ್ಲಿ. ಪೆಲೆಟ್ಟಿನ ಮುಂದೋಟ ಗಾಳಿಗೆ ಬೇಗ ಕುಗ್ಗುತ್ತದೆ, ತಿರುಗಾಟ ನಿಧಾನವಾಗಿ ಕುಗ್ಗುತ್ತದೆ. ಆದ್ದರಿಂದ ಅತಿ ಬಿಗಿ ತಿರುವಿದ್ದರೆ 50 ಮೀಟರ್ ಹೊತ್ತಿಗೆ ಪೆಲೆಟ್ ಸುರುಳಿ ಹಾಕುತ್ತಾ ಹೋಗುವುದುಂಟು. ಬಾಯಿಯ ಬಳಿ ಅಳೆದ ವೇಗದಲ್ಲಿ ಅದು ಕಾಣಿಸುವುದೇ ಇಲ್ಲ.

ವಾಸ್ಕೋ ನಾಯಕ್:
ಸುರುಳಿ ಹಾಕುತ್ತದೆ ಎಂದಿರಿ. ಅಂದರೆ ತಿರುವು ಕೆಟ್ಟದ್ದು. ಹೆಗಡೆಯವರು ಸರಿ.

ಬಾಣೇರ್ ವಸುಧಾ:
ಅತಿ ಬಿಗಿ ಎಂಬ ಮಾತನ್ನು ನಾಯಕರು ನುಂಗಿಬಿಟ್ಟರು.

ಭೋಸರಿ ಲೇತ್:
ಹೆಗಡೆಯವರೇ, ಕೆಲಸ ಸರಳ. ಒಂದೇ ಡಬ್ಬಿಯ ಸೀಸದ ಪೆಲೆಟ್ ತೂಗಿ, ಎರಡೂ ಬ್ಯಾರೆಲ್ಲುಗಳ ಎಣ್ಣೆ ಒರೆಸಿ, ರೇಂಜಿನಲ್ಲಿ ಅಳೆಯಿರಿ. ಟೆರೇಸ್ ಬೇಡ.

ಕೋಥ್ರೂಡ್ ಹೆಗಡೆ:
ಹಳೆಯ ಬ್ಯಾರೆಲ್ ಗುಜರಿಗೆ ಹೋಯಿತು.

ಮಾಟುಂಗಾ ಶೆಟ್ಟಿ:
ಬಹಳ ಅನುಕೂಲವಾಯಿತು.

ಭೋಸರಿ ಲೇತ್:
ಹೋಗಲಿ, ಹೊಸದರಲ್ಲೇ ಆ ಹಳೆಯ ಸೀಸದ ಪೆಲೆಟ್ ಹಾರಿಸಿ. 305 ಬಂದರೆ ನಾನು ಬಾಯಿ ಮುಚ್ಚುತ್ತೇನೆ.

ಕೋಥ್ರೂಡ್ ಹೆಗಡೆ:
ಭಾರದ ಪೆಲೆಟ್ ಹಾಕಿದರೆ ವೇಗ ಇಳಿಯುತ್ತದೆ, ಇದು ಯಾವ ಮಗುವಿಗೆ ಗೊತ್ತಿಲ್ಲ? ಸಡಿಲ ತಿರುವಿನ ಲಾಭ ಕಾಣಬೇಕಾದರೆ ಹಗುರದ್ದೇ ಹಾಕಬೇಕು. ಬಾಲೆವಾಡಿಗೆ ಬರಲು ನನಗೆ ಬಿಡುವಿಲ್ಲ.

ವಾಸ್ಕೋ ನಾಯಕ್:
ಹೆಗಡೆಯವರೇ, ಆ ಹಗುರ ಪೆಲೆಟ್ ಪಣಜಿಯಲ್ಲಿ ಸಿಗುತ್ತದೆಯೇ?