ಮೆದುಳಿನ ಸ್ಕ್ಯಾನ್ ನೋಡಿ ಸರಿ-ತಪ್ಪು ಹೇಳಬಹುದಾ?

ಸಿರವಾರದ ಹುಡುಗಿ:
ರಾಯಚೂರಲ್ಲಿ ಬಿ.ಎಡ್ ಓದುತ್ತಿದ್ದೇನೆ. ಮೊನ್ನೆ ಕ್ಲಾಸಲ್ಲಿ ಟ್ರಾಲಿ ಪ್ರಶ್ನೆ ಬಂತು. ಹಳಿ ಮೇಲೆ ಐದು ಜನ, ಅವರ ಕಡೆಗೆ ತಡೆಯಿಲ್ಲದ ಬಂಡಿ ಬರುತ್ತಿದೆ, ಸ್ವಿಚ್ ಎಳೆದರೆ ಅದು ಪಕ್ಕದ ಹಳಿಗೆ ಹೋಗಿ ಒಬ್ಬನೇ ಸಾಯುತ್ತಾನೆ. ಎಳೆಯುತ್ತೇವೆ ಅಂದರು ಎಲ್ಲರೂ. ಸೇತುವೆ ಮೇಲಿಂದ ಒಬ್ಬನನ್ನು ಕೈಯಾರೆ ತಳ್ಳಿದರೆ ಬಂಡಿ ಅವನಿಗೆ ಬಡಿದು ನಿಂತು ಐದೂ ಜನ ಉಳಿಯುತ್ತಾರೆ ಅಂದಾಗ ಕ್ಲಾಸೇ ಗಪ್ಪಾಯಿತು. 2001ರಲ್ಲಿ ಜೋಶುವಾ ಗ್ರೀನ್ ಅನ್ನೋ ಅಮೆರಿಕದ ಸಂಶೋಧಕನ ತಂಡ ಜನರನ್ನು ಎಫ್‌ಎಂಆರ್‌ಐ ಅನ್ನೋ ಮೆದುಳಿನ ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ ಇಂಥವನ್ನೇ ಕೇಳಿತ್ತು. ತಳ್ಳುವಂಥ ಪ್ರಶ್ನೆಗೆ ಭಾವನೆಗೆ ಸಂಬಂಧಪಟ್ಟ ಭಾಗಗಳು ಜಾಸ್ತಿ ಕೆಲಸ ಮಾಡಿದವು. ಹಾಗಾದರೆ 'ತಳ್ಳಬಾರದು' ಅನ್ನೋದು ಬರೀ ಎದೆ ಝಲ್ ಅಂದದ್ದಾ?

ಕಾರಟಗಿ ನೆಲ್ಲು:
ನಾನು ಕಾಲುವೆ ಮೇಲ್ಭಾಗದವನು. ರಾತ್ರಿ ಹನ್ನೊಂದಕ್ಕೆ ಮೋಟರ್ ಇಟ್ಟು ತುಂಗಭದ್ರಾ ಎಡದಂಡೆ ಕಾಲುವೆ ನೀರು ಎತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಚೆನ್ನಾಗಿ ನಿದ್ದೆ ಬಂತು. ಅದೇ ಪಕ್ಕದ ಹೊಲದವನ ಮಡಿಗೆ ಹೋಗೋ ನೀರು ತಿರುಗಿಸು ಅಂದರೆ ಸಲಿಕೆ ಹಿಡಿದ ಕೈ ನಡುಗುತ್ತದೆ, ಬೆಳಿಗ್ಗೆ ಚಹಾದಂಗಡಿಯಲ್ಲಿ ಅವನ ಮುಖ ನೋಡಬೇಕಲ್ಲ! ಕಾಲುವೆ ಕೊನೆಗಿರೋ ಮಾನ್ವಿ ಕಡೆಯವರ ಮುಖ ನಾನು ನೋಡಿಲ್ಲ. ನೋಡಿಲ್ಲ ಅಂತ ಅವರ ಬೆಳೆ ಒಣಗಿದ್ದು ಸಣ್ಣ ತಪ್ಪಾಗುತ್ತದಾ?

ಕೊಪ್ಪಳದ ಮೇಷ್ಟ್ರು:
ಗ್ರೀನ್ ಹೇಳೋದೂ ಹತ್ತಿರ ಹತ್ತಿರ ಇದೇ. ಮುಟ್ಟಿ ತಳ್ಳೋದಕ್ಕೆ ಮನಸ್ಸು ಹಿಂಜರಿಯುತ್ತದೆ, ದೂರದಿಂದ ಮಾಡೋದಕ್ಕೆ ಅಷ್ಟಿಲ್ಲ, ಆ ಹಿಂಜರಿಕೆಯನ್ನೇ ನಂಬಿ ಕೂರಬೇಡಿ ಅಂತ. ಸರಿ, ಆದರೆ ದೂರ-ಹತ್ತಿರ ಲೆಕ್ಕಕ್ಕಿಲ್ಲ ಅಂತ ಯಾವ ಯಂತ್ರ ಹೇಳಿತು? 2009ರಲ್ಲಿ ಸೆಲಿಮ್ ಬರ್ಕರ್ ಅನ್ನೋ ತತ್ವಶಾಸ್ತ್ರಜ್ಞ ಹಿಡಿದದ್ದು ಇದನ್ನೇ. ಅದು ನಾವೇ ಯೋಚಿಸಿ ಒಪ್ಪಿಕೊಂಡ ಮಾತು, ಸ್ಕ್ಯಾನ್ ಕೊಟ್ಟದ್ದಲ್ಲ. ಇನ್ನೊಂದು. ಹಣೆಯ ಹಿಂದೆ, ಮೆದುಳಿನ ಮುಂಭಾಗದ ಕೆಳಗಡೆ ಪೆಟ್ಟಾಗಿದ್ದ ಆರು ಜನರ ಮೇಲೆ 2007ರಲ್ಲಿ ಒಂದು ಅಧ್ಯಯನ ಬಂತು. ಅವರು ಉಳಿದವರಿಗಿಂತ ಜಾಸ್ತಿ ಸಲ 'ತಳ್ಳಬಹುದು' ಅಂದರು. ಅವರನ್ನು ನಮಗಿಂತ ನ್ಯಾಯವಂತರು ಅನ್ನೋಣವೋ, ಏನೋ ಕಳೆದುಕೊಂಡವರು ಅನ್ನೋಣವೋ? ಕೇಳಿದರೆ ಸ್ಕ್ಯಾನ್ ಎರಡಕ್ಕೂ ತಲೆ ಆಡಿಸುತ್ತದೆ.

ಬಳ್ಳಾರಿ ಲ್ಯಾಬ್:
ಬಣ್ಣದ ಚಿತ್ರಕ್ಕೆ ಮರುಳಾಗಬೇಡಿ ಮಾರಾಯ್ರೇ. ಯಂತ್ರ ನೋಡೋದು ರಕ್ತದ ಆಮ್ಲಜನಕದ ಏರುಪೇರು, ಯೋಚನೆಯನ್ನಲ್ಲ. 2009ರಲ್ಲಿ ಸತ್ತ ಸಾಲ್ಮನ್ ಮೀನನ್ನು ಮಲಗಿಸಿ ಮನುಷ್ಯರ ಫೋಟೋ ತೋರಿಸಿದ್ದರು. ಆಕಸ್ಮಿಕವಾಗಿ ಬರೋ ಸುಳ್ಳು ಸಂಕೇತಗಳನ್ನು ಲೆಕ್ಕ ಹಾಕಿ ತೆಗೆಯದಿದ್ದರೆ ಅದರ ಮೆದುಳೂ ಕೆಲಸ ಮಾಡಿದ ಹಾಗೆ ಕಂಡಿತು!

ಸಿರವಾರದ ಹುಡುಗಿ:
ಕಾರಟಗಿ ಅಣ್ಣಾ, ನಮ್ಮಪ್ಪನ ಹೊಲ ಅದೇ ಕಾಲುವೆಯ ಕೊನೆಗಿದೆ. ಮುಖ ನೋಡೋದಿದ್ದರೆ ಒಂದು ದಿನ ಬನ್ನಿ, ಊಟ ಮಾಡಿಕೊಂಡೇ ಹೋಗಿ. ಜೋಳದ ರೊಟ್ಟಿ ಇರುತ್ತದೆ. ಅನ್ನ ಮಾತ್ರ ಕೇಳಬೇಡಿ.